ಬಸುರಿಯ ರಿಪೋರ್ಟಿಗೆ ಕೆಂಪು ಗೆರೆ ಯಾಕೆ?

ಗರ್ಭಿಣಿಯರ ರಕ್ತ ತೆಗೆದು, ಕೊಲೆಸ್ಟ್ರಾಲನ್ನು ಎಲ್ಲರಿಗೂ ಇರುವ ಅಳತೆಗೇ ಹೋಲಿಸಿ, 'ಹೈ' ಎಂದು ಕೆಂಪು ಗೆರೆ ಹಾಕಿ ಕೊಡುವುದನ್ನು ನಮ್ಮ ಲ್ಯಾಬುಗಳು ನಿಲ್ಲಿಸಬೇಕು. ಬದಿಯಡ್ಕದ ಕಡೆ ಕನ್ನಡ ಶಾಲೆಯಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತಳಾದವಳು ನಾನು. ಇಂಥ ರಿಪೋರ್ಟು ಹಿಡಿದುಕೊಂಡು ನೆರೆಕರೆಯವರು ಬರುತ್ತಿರುತ್ತಾರೆ. ಮೊನ್ನೆ ಬಂದವಳಿಗೆ ಏಳು ತಿಂಗಳು, ಕೊಲೆಸ್ಟ್ರಾಲ್ 262. "ತೆಂಗಿನೆಣ್ಣೆ ನಿಲ್ಲಿಸಿದ್ದೇವೆ ಟೀಚರೇ, ಮೊಟ್ಟೆಯನ್ನೂ ಬಿಡಿಸಿದ್ದೇವೆ" ಎಂದರು ಅತ್ತೆ. ಹುಡುಗಿಗೆ ಗಂಜಿ, ಉಪ್ಪಿನಕಾಯಿಯೇ ಗತಿ.

ಆ ತಿಂಗಳಲ್ಲಿ ಅದು ಏರಲೇಬೇಕು. ಬಸಿರಿನಲ್ಲಿ ಒಟ್ಟು ಕೊಲೆಸ್ಟ್ರಾಲ್ ಕಾಲು ಭಾಗದಿಂದ ಅರ್ಧದಷ್ಟು ಹೆಚ್ಚುತ್ತದೆ, ಟ್ರೈಗ್ಲಿಸರೈಡ್ ಎರಡು ಮೂರು ಪಟ್ಟಾಗುತ್ತದೆ. ಬಸಿರು ನಿಲ್ಲಲು ಬೇಕಾದ ಪ್ರೊಜೆಸ್ಟರಾನನ್ನು ಮಾಸು ತಯಾರಿಸುವುದೇ ತಾಯಿಯ ರಕ್ತದ ಕೊಲೆಸ್ಟ್ರಾಲಿನಿಂದ.

ಪ್ರಯೋಗಾಲಯದ ಪ್ರಾಣಿಗಳ ಕತೆ ಬೇರೆ, ನನಗೆ ಅದೇ ಹೆಚ್ಚು ಸ್ವಾರಸ್ಯ. ಗಬ್ಬದ ಮೊಲದಲ್ಲಿ ದಿನ ತುಂಬುತ್ತ ಬಂದಂತೆ ರಕ್ತದ ಕೊಲೆಸ್ಟ್ರಾಲ್ ಇಳಿಯುತ್ತದೆ. 1913ರಲ್ಲಿ ರಷ್ಯಾದ ಅನಿಚ್ಕೊವ್ ಕೊಲೆಸ್ಟ್ರಾಲ್ ತಿನ್ನಿಸಿ ರಕ್ತನಾಳ ಕೆಡುವುದನ್ನು ತೋರಿಸಿದ್ದೂ ಮೊಲದಲ್ಲೇ! ಇಲಿಗೆ ಮೂರೇ ವಾರದ ಬಸಿರು. ಕೊನೆಯ ದಿನಗಳಲ್ಲಿ ಟ್ರೈಗ್ಲಿಸರೈಡ್ ಜಿಗಿಯುತ್ತದೆ. ಆದರೆ ಇಲಿಯ ಕೊಲೆಸ್ಟ್ರಾಲ್ ಹೆಚ್ಚಾಗಿ ಸಾಗುವುದು ಎಚ್‌ಡಿಎಲ್‌ನಲ್ಲಿ, ನಮ್ಮದು ಎಲ್‌ಡಿಎಲ್‌ನಲ್ಲಿ. ಪ್ರಯೋಗದ ದೊಡ್ಡ ಇಲಿಗೆ ಪಿತ್ತಕೋಶವೂ ಇಲ್ಲ. ಇವುಗಳಲ್ಲಿ ಯಾವುದನ್ನು ನೋಡಿ ನಮ್ಮ ಬಸುರಿಗೆ ಪಥ್ಯ ಹೇಳುವುದು?

ಇದೇ ಮಾತನ್ನು ತೆಂಗಿನ ಅಭಿಮಾನಿಗಳಿಗೂ ಹೇಳಬೇಕು, ಸಿಟ್ಟಾದರೆ ಆಗಲಿ. 1916ರಿಂದ ತೆಂಗಿನ ಸಂಶೋಧನೆ ನಡೆದಿರುವ ಜಿಲ್ಲೆ ನಮ್ಮದು. ಕೇರಳ ವಿಶ್ವವಿದ್ಯಾಲಯದವರು 2004ರಲ್ಲಿ ವರ್ಜಿನ್ ತೆಂಗಿನೆಣ್ಣೆ ತಿಂದ ಇಲಿಗಳ ಕೊಲೆಸ್ಟ್ರಾಲ್ ಇಳಿಯಿತೆಂದು ಪ್ರಕಟಿಸಿದ್ದನ್ನು ಇಲ್ಲಿ ಅನೇಕರು ಬಾಯಿಪಾಠ ಒಪ್ಪಿಸುತ್ತಾರೆ. ಮನುಷ್ಯರಲ್ಲಿ ನಡೆಸಿದ ಪರೀಕ್ಷೆಗಳಲ್ಲಿ ಇತರ ಸಸ್ಯದೆಣ್ಣೆಗಳಿಗಿಂತ ತೆಂಗಿನೆಣ್ಣೆ ಎಲ್‌ಡಿಎಲ್ ಏರಿಸುತ್ತದೆ ಎಂಬುದನ್ನು ಮಾತ್ರ ನುಂಗಿಬಿಡುತ್ತಾರೆ. ಹಾಗೆಂದು ಒಗ್ಗರಣೆಯ ಒಂದು ಚಮಚ ಎಣ್ಣೆಯಿಂದ ಏಳನೇ ತಿಂಗಳ 262 ಬಂದದ್ದಲ್ಲ.

ಮನೆತನದಲ್ಲಿ ಚಿಕ್ಕ ಪ್ರಾಯದಲ್ಲೇ ಹೃದಯಾಘಾತವಾಗಿದ್ದರೆ, ಮೊದಲೇ ಕೊಲೆಸ್ಟ್ರಾಲ್ ತೊಂದರೆ ಇದ್ದರೆ ಡಾಕ್ಟರು ನೋಡಲೇಬೇಕು. ಟ್ರೈಗ್ಲಿಸರೈಡ್ ಸಾವಿರ ದಾಟಿದರೆ ಮೇದೋಜೀರಕ ಗ್ರಂಥಿಗೆ ಅಪಾಯ. ಉಳಿದವರ ಪ್ಯಾಕೇಜಿನಿಂದ ಲಿಪಿಡ್ ಟೆಸ್ಟ್ ತೆಗೆದುಬಿಡಿ. ಹಿಮೋಗ್ಲೋಬಿನ್, ಸಕ್ಕರೆ, ಥೈರಾಯ್ಡ್ ನೋಡಿ. ಮಾಡಲೇಬೇಕೆಂದಿದ್ದರೆ ಬಸಿರಿನ ತಿಂಗಳಿಗೆ ತಕ್ಕ ಅಳತೆಯನ್ನು ಪಕ್ಕದಲ್ಲಿ ಅಚ್ಚು ಹಾಕಿ. ಕಂಪ್ಯೂಟರಿನಲ್ಲಿ ಒಂದು ಕಾಲಮ್ಮು ಹೆಚ್ಚಿಸುವ ಕೆಲಸ ಅದು.