ಮೇಕೆದಾಟು ಬೇಕು, ಅರ್ಕಾವತಿ ಬೇಡವೇ?

ನಮ್ಮ ಕಾಲೇಜು ಕ್ಯಾಂಟೀನಿನಲ್ಲಿ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯವರದೇ ಒಂದು ಮೇಜಿದೆ. ಕ್ರಿಕೆಟ್ ಬಿಟ್ಟರೆ ಅಲ್ಲಿ ಹೆಚ್ಚು ಸದ್ದು ಮಾಡುವ ವಿಷಯ ಮೇಕೆದಾಟು. ತಮಾಷೆಯೆಂದರೆ ಅಣೆಕಟ್ಟು ಬೇಕು ಎನ್ನುವುದರಲ್ಲಿ ಎಲ್ಲರೂ ಒಂದೇ. ಜಗಳವೆಲ್ಲ ಯಾವ ಪಕ್ಷದಿಂದ ತಡವಾಯಿತು ಎಂಬುದಕ್ಕೆ. ಯಾರ ಮನೆಯವರು ಯಾವ ಪಕ್ಷ ಎಂದು ಗೊತ್ತಿದ್ದರೆ ಸಾಕು, ಅವರ ಮಾತು ಹೇಗೆ ಮುಗಿಯುತ್ತದೆ ಎಂದು ಮೊದಲೇ ಹೇಳಿಬಿಡಬಹುದು.

ನಾನೂ ಹಾಗೇ ಇದ್ದೆ. 2022ರ ಜನವರಿಯಲ್ಲಿ ಸಂಗಮದಿಂದ ಪಾದಯಾತ್ರೆ ಹೊರಟಾಗ ರಸ್ತೆ ಬದಿಯಲ್ಲಿ ನಿಂತು 'ನಮ್ಮ ನೀರು ನಮ್ಮ ಹಕ್ಕು' ಎಂದು ಕೂಗಿದ್ದೆ. ಆ ಯೋಜನೆಯಲ್ಲಿ ಏನಿದೆ ಎಂದು ಆಗ ಯಾರಾದರೂ ಕೇಳಿದ್ದರೆ ನನ್ನಲ್ಲಿ ಉತ್ತರವಿರಲಿಲ್ಲ.

ಈಗ ಓದಿಕೊಂಡಿದ್ದೇನೆ. 2019ರಲ್ಲಿ ಕೇಂದ್ರ ಜಲ ಆಯೋಗಕ್ಕೆ ಸಲ್ಲಿಸಿದ ಯೋಜನಾ ವರದಿಯ ಪ್ರಕಾರ ಜಲಾಶಯದ ಸಾಮರ್ಥ್ಯ 67.16 ಟಿಎಂಸಿ, ವಿದ್ಯುತ್ 400 ಮೆಗಾವಾಟ್, ವೆಚ್ಚ ಸುಮಾರು 9 ಸಾವಿರ ಕೋಟಿ ರೂಪಾಯಿ. ಬೆಂಗಳೂರು ಮತ್ತು ಸುತ್ತಲಿನ ಊರುಗಳಿಗೆ ಕುಡಿಯುವ ನೀರು ಕೊಡುವುದು ಮುಖ್ಯ ಉದ್ದೇಶ. ಬೆಂಗಳೂರಿಗೆಂದು 4.75 ಟಿಎಂಸಿ ಹೆಚ್ಚುವರಿ ನೀರನ್ನು ಸುಪ್ರೀಂ ಕೋರ್ಟ್ 2018ರ ಫೆಬ್ರುವರಿ ತೀರ್ಪಿನಲ್ಲೇ ಹಂಚಿದೆ. ತಮಿಳುನಾಡಿಗೆ ಬಿಳಿಗುಂಡ್ಲುವಿನಲ್ಲಿ ಅಳೆದು ಕೊಡಬೇಕಾದ ನೀರು 177.25 ಟಿಎಂಸಿ. ಇನ್ನೊಂದು ಕಡೆ ಸುಮಾರು 5 ಸಾವಿರ ಹೆಕ್ಟೇರ್ ಮುಳುಗುತ್ತದೆ. ಅದರಲ್ಲಿ ಹೆಚ್ಚಿನದು ಕಾವೇರಿ ವನ್ಯಧಾಮ ಮತ್ತು ಮೀಸಲು ಅರಣ್ಯ. ಈಗಾಗಲೇ ಕನಕಪುರದ ಹೊಲಗಳಿಗೆ ನುಗ್ಗುತ್ತಿರುವ ಆನೆಗಳು ಆಮೇಲೆ ಎಲ್ಲಿಗೆ ಹೋಗಬೇಕು ಎಂದು ನಮ್ಮ ಮೇಜಿನಲ್ಲಿ ಯಾರೂ ಕೇಳಿದ್ದಿಲ್ಲ.

ಆದರೆ ನನಗೆ ನಿದ್ದೆಗೆಡಿಸಿದ್ದು ನಕ್ಷೆ. ಮೇಕೆದಾಟು ಇರುವುದು ಸಂಗಮದಿಂದ ಕೆಳಗೆ. ಸಂಗಮ ಎಂದರೆ ಅರ್ಕಾವತಿ ಬಂದು ಕಾವೇರಿಗೆ ಸೇರುವ ಜಾಗ. ಬೆಂಗಳೂರಿನ ಕೊಳಚೆ ಹೊತ್ತ ವೃಷಭಾವತಿ ಬಿಡದಿ ಬಳಿಯ ಬೈರಮಂಗಲ ಕೆರೆ ದಾಟಿ ಅರ್ಕಾವತಿಗೆ ಸೇರುತ್ತದೆ. ಅರ್ಕಾವತಿ ಕನಕಪುರ ತಾಲ್ಲೂಕಿನ ಹಾರೋಬೆಲೆ ಜಲಾಶಯ ದಾಟಿ ಸಂಗಮಕ್ಕೆ ಬರುತ್ತದೆ. ಅಂದರೆ ಬೆಂಗಳೂರು ಬಿಟ್ಟ ನೀರೇ ನಮ್ಮ ಜಿಲ್ಲೆಯನ್ನು ಸುತ್ತಿಕೊಂಡು ಬಂದು, ಬೆಂಗಳೂರಿಗೆ ಕುಡಿಯಲು ಕಟ್ಟುವ ಜಲಾಶಯಕ್ಕೆ ಬೀಳುತ್ತದೆ. ಹರಿಯುವ ನೀರು ಕೊಳೆಯನ್ನು ಒಂದಿಷ್ಟು ಮುಂದಕ್ಕೆ ಒಯ್ಯುತ್ತದೆ. ನಿಂತ ನೀರಿನಲ್ಲಿ ಕೊಳಚೆಯ ಸಾರಜನಕ, ರಂಜಕಗಳು ಪಾಚಿಗೆ ಗೊಬ್ಬರವಾಗುತ್ತವೆ. ಇದಕ್ಕೆ ಎಂಜಿನಿಯರಿಂಗ್ ಓದಬೇಕಿಲ್ಲ. ಬೈರಮಂಗಲದ ನೊರೆ ನೋಡಿದವರಿಗೆ ಸಾಕು.

ನಮ್ಮ ತಾತನ ಹೊಲ ಅರ್ಕಾವತಿ ದಂಡೆಯಲ್ಲಿದೆ. 'ಚಿಕ್ಕೋರಾಗಿದ್ದಾಗ ಇದೇ ಹೊಳೆ ನೀರು ಬೊಗಸೇಲಿ ಎತ್ಕೊಂಡು ಕುಡೀತಿದ್ದೋ ಕಣ್ಮಗ. ಈಗ ದನಾನೂ ಮೂಸಲ್ಲ' ಎನ್ನುತ್ತಾರೆ ಅವರು. ನಾನು ಘೋಷಣೆ ಕೂಗುವಾಗ ಈ ಹೊಳೆಯೂ 'ನಮ್ಮ ನೀರು' ಎಂಬುದು ನೆನಪಿಗೇ ಬಂದಿರಲಿಲ್ಲ.

ಇಂಥ ಅನುಭವ ನಮ್ಮ ಜಿಲ್ಲೆಗೆ ಹೊಸದಲ್ಲ. ಮಾಗಡಿ ತಾಲ್ಲೂಕಿನ ತಿಪ್ಪಗೊಂಡನಹಳ್ಳಿ ಜಲಾಶಯವನ್ನು 1930ರ ದಶಕದಲ್ಲಿ ಕಟ್ಟಿದ್ದೇ ಬೆಂಗಳೂರಿಗೆ ನೀರು ಕೊಡಲು. ದಶಕಗಳ ಕಾಲ ಅದೇ ಅರ್ಕಾವತಿ ನಗರದ ಬಾಯಾರಿಕೆ ತಣಿಸಿತು. ಒಳಹರಿವು ಕುಗ್ಗಿ, ನೀರು ಕೆಟ್ಟು, 2012ರ ಹೊತ್ತಿಗೆ ಪೂರೈಕೆ ನಿಂತಿತು. ಕಟ್ಟೆ ಗಟ್ಟಿಯಾಗಿಯೇ ಇತ್ತು, ಕೆಟ್ಟದ್ದು ಹೊಳೆ.

ಹಾಗೆಂದು ನಾನು ಅಣೆಕಟ್ಟಿನ ವಿರೋಧಿಯಲ್ಲ. 2024ರ ಬೇಸಿಗೆಯಲ್ಲಿ ಬೆಂಗಳೂರಿನವರು ಟ್ಯಾಂಕರ್‌ಗೆ ಕಾದದ್ದನ್ನು ಎಲ್ಲರೂ ನೋಡಿದ್ದೇವೆ. ಚನ್ನಪಟ್ಟಣದಲ್ಲಿ ಗೊಂಬೆ ಮಾಡುವ ಮನೆಯಿಂದ ಬರುವ ಗೆಳೆಯ, 'ಕರೆಂಟ್ ಹೋದರೆ ನಮ್ಮ ಮೆಷಿನ್ ನಿಲ್ಲುತ್ತೆ, ಆ 400 ಮೆಗಾವಾಟ್ ಬರಲಿ ಬಿಡು' ಎನ್ನುತ್ತಾನೆ. ಅವನ ಮಾತಲ್ಲೂ ನ್ಯಾಯವಿದೆ. ಸಂಜೆ ಸೋಲಾರ್ ನಿಂತ ಮೇಲೆ ನೀರಿನ ವಿದ್ಯುತ್ ಬಹಳ ಉಪಯೋಗ. ನನ್ನ ತಕರಾರು ಇಷ್ಟೇ: ಲೆಕ್ಕ ನೋಡದೆ ಬೇಕು ಎನ್ನುವುದೂ ತಪ್ಪು, ಬೇಡ ಎನ್ನುವುದೂ ತಪ್ಪು.

ಸೆಮಿನಾರ್‌ಗೆಂದು ಓದುವಾಗ ಕೆನಡಾದ 'ಸೈಟ್ ಸಿ' ಅಣೆಕಟ್ಟಿನ ಕಥೆ ಸಿಕ್ಕಿತು. ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಪೀಸ್ ನದಿಗೆ ಕಟ್ಟಿದ 1,100 ಮೆಗಾವಾಟ್ ಯೋಜನೆ ಅದು. ಅಲ್ಲಿನ ಮೂಲನಿವಾಸಿಗಳೂ ರೈತರೂ ವಿರೋಧಿಸಿದ್ದರು. 2017ರಲ್ಲಿ ಸರ್ಕಾರ ಬದಲಾದಾಗ, ಕೆಲಸ ಆಗಲೇ ಶುರುವಾಗಿದ್ದರೂ ಲೆಕ್ಕ ಪರಿಶೀಲಿಸಲು ಅಲ್ಲಿನ ಯುಟಿಲಿಟೀಸ್ ಆಯೋಗಕ್ಕೆ ಹೇಳಿತು. ಆಯೋಗ ಊರೂರಿಗೆ ಹೋಗಿ ಜನರ ಮಾತು ಕೇಳಿ ವರದಿಯನ್ನು ಬಹಿರಂಗಗೊಳಿಸಿತು. ಕೊನೆಗೆ ಸರ್ಕಾರ ಕಟ್ಟುವುದೆಂದೇ ತೀರ್ಮಾನಿಸಿತು. 2014ರಲ್ಲಿ ಸುಮಾರು 880 ಕೋಟಿ ಡಾಲರ್ ಎಂದಿದ್ದ ವೆಚ್ಚ 2021ರ ಹೊತ್ತಿಗೆ 1,600 ಕೋಟಿ ಡಾಲರ್ ಆಯಿತು. ಅವರು ಮಾಡಿದ್ದೆಲ್ಲ ಸರಿ ಎನ್ನಲಾರೆ. ಆದರೆ ಜನ ಜಗಳವಾಡಿದ್ದು ಅಂಕಿ ಅಂಶ ಮುಂದಿಟ್ಟುಕೊಂಡು.

ನಮಗೂ ಅಂಥ ದಾರಿಯಿದೆ. 2006ರ ಪರಿಸರ ಪರಿಣಾಮ ಅಧಿಸೂಚನೆಯಂತೆ ಇಂಥ ಯೋಜನೆಗೆ ಪರಿಸರ ಅನುಮತಿ ನೀಡುವ ಮುನ್ನ ಸಾರ್ವಜನಿಕ ಅಹವಾಲು ಸಭೆ ನಡೆಯಬೇಕು. ಅದಕ್ಕೆ ಕನಿಷ್ಠ 30 ದಿನ ಮೊದಲೇ ನೋಟಿಸ್ ಬರಬೇಕು. ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲಿ, ಅಂದರೆ ಕನ್ನಡದಲ್ಲಿ ಸಿಗಬೇಕು. ಆ ದಿನ ನಾವು ಬಾವುಟ ಹಿಡಿದು ಹೋಗುವುದರ ಬದಲು ಮೂರು ಪ್ರಶ್ನೆ ಹಿಡಿದು ಹೋಗೋಣ. ಅಣೆಕಟ್ಟು ತುಂಬುವ ಮೊದಲು ವೃಷಭಾವತಿ, ಅರ್ಕಾವತಿ ಶುದ್ಧವಾಗುತ್ತವೆಯೇ, ಯಾವ ವರ್ಷದೊಳಗೆ? ಮನೆ, ಕಾಡು ಕಳೆದುಕೊಳ್ಳುವವರಿಗೆ ಏನು, ಎಲ್ಲಿ, ಯಾವಾಗ? ಕಾಡು ಕೊಡುವ ಕನಕಪುರದ ಹಳ್ಳಿಗಳಿಗೆ ಕುಡಿಯುವ ನೀರು ಎಷ್ಟು?

2025ರಲ್ಲಿ ನಮ್ಮ ಜಿಲ್ಲೆಯ ಹೆಸರು ಬೆಂಗಳೂರು ದಕ್ಷಿಣ ಎಂದಾಯಿತು. ಬೆಂಗಳೂರಿನ ಹೆಸರು ಈಗ ಬಂತು, ಕೊಳಚೆ ಎಂದೋ ಬಂದಿದೆ. ಬೆಂಗಳೂರಿನ ಜವಾಬ್ದಾರಿಯೂ ಇತ್ತ ಬರಲಿ ಎಂದು ಕೇಳುವುದು ಯಾವ ಪಕ್ಷದ ವಿರೋಧವೂ ಅಲ್ಲ. ಮುಂದಿನ ಸಲ ಕ್ಯಾಂಟೀನಿನಲ್ಲಿ ಮೇಕೆದಾಟು ಮಾತು ಬಂದಾಗ ನಾನು ತಾತನ ಹೊಳೆಯಿಂದ ಶುರು ಮಾಡುತ್ತೇನೆ.