ಶೇಂಗಾ ಉಂಡಿ ಮತ್ತ “ಏನೂ ಆಗೂದಿಲ್ಲ, ತಿನಸ್ರಿ”

ಪಂಚಮಿ ಬಂತಂದ್ರ ನಮ್ಮ ಮನ್ಯಾಗ ಶೇಂಗಾ ಉಂಡಿ ಆಗಲೇಬೇಕು. ಹೋದ ವರ್ಷ ಮೂರು ವರ್ಷದ ಮೊಮ್ಮಗ ಅರ್ಧಾ ಉಂಡಿ ತಿಂದು ಹತ್ತು ನಿಮಿಷದಾಗ ತುಟಿ ಬಾತು, ಮೈತುಂಬ ದದ್ದು ಎದ್ದು, ಉಸಿರು ಗೊರಗೊರ ಅಂತು. ದವಾಖಾನ್ಯಾಗ ಇಂಜೆಕ್ಷನ್ ಕೊಟ್ಟ ಮ್ಯಾಲ ಉಳದ.

ನಮ್ಮ ವೈನಿ ಮಾತು ಏನಂದ್ರ, “ಹೋದ ತಿಂಗಳ ಚಟ್ನಿಪುಡಿ ತಿಂದಾಗ ಏನೂ ಆಗಿರಲಿಲ್ಲಲ್ಲ? ದಿನಾ ಚೂರು ಚೂರು ತಿನಸ್ರಿ, ರೂಢಿ ಆಗತದ.” ಖರೇ ಹೇಳತೀನಿ, ನನಗೂ ಹಂಗ ಅನಿಸಿತ್ತು.

ಆದ್ರ ಅಲರ್ಜಿ ನಡಿಯೂದ ಹಿಂಗ. ಮೊದಲ ಸಲ ದೇಹ ಸುಮ್ಮನ ಇರತದ, ಒಳಗ ಮಾತ್ರ ಶೇಂಗಾನ್ನ ವೈರಿ ಅಂತ ಬರಕೊಂಡು ಐಜಿಇ ಅನ್ನೋ ಪ್ರತಿಕಾಯ ತಯಾರ ಮಾಡತದ. ಅವು ಚರ್ಮ, ಮೂಗು, ಹೊಟ್ಟಿಯೊಳಗಿನ ಮಾಸ್ಟ್ ಕೋಶಗಳ ಮ್ಯಾಲ ಹೋಗಿ ಕೂಡತಾವ. ಮುಂದಿನ ಸಲ ಶೇಂಗಾದ ಪ್ರೋಟೀನು ಬಂದು ಅವನ್ನ ಮುಟ್ಟಿದ್ರ ಸಾಕು, ಕೋಶ ಹಿಸ್ಟಮಿನ್ ಹೊರಗ ಚೆಲ್ಲತದ. ಅದರಿಂದ ಬಾವು, ತುರಿಕಿ. ಜೋರಾದ್ರ ಶ್ವಾಸನಾಳ ಬಿಗಿತದ, ಬಿಪಿ ಇಳಿತದ. ಅಂದಮ್ಯಾಲ “ಮೊದಲ ತಿಂದಿದ್ದ” ಅನ್ನೂದು ಧೈರ್ಯದ ಮಾತಲ್ಲ.

ವೈನಿ ಲೆಕ್ಕಾನ 1902ರಾಗ ಫ್ರಾನ್ಸಿನ ರಿಶೆ ಮತ್ತ ಪೋರ್ಟಿಯೆ ಹಾಕಿದ್ರು. ಸಮುದ್ರಜೀವಿಯೊಂದರ ವಿಷಾ ಸ್ವಲ್ಪ ಸ್ವಲ್ಪ ಕೊಟ್ರ ನಾಯಿಗೆ ರೂಢಿ ಆಗತದ ಅಂತ. ಕೆಲವು ವಾರ ಬಿಟ್ಟು ಕೊಟ್ಟ ಎರಡನೇ ಸಲದ ಸಣ್ಣ ಡೋಸಿಗೇ ನಾಯಿ ಸತ್ತಿತು! ಅದಕ್ಕ ಅವರು ‘ಅನಾಫಿಲಾಕ್ಸಿಸ್’ ಅಂತ ಹೆಸರಿಟ್ಟರು, 1913ರಾಗ ರಿಶೆಗೆ ನೊಬೆಲ್ ಬಂತು.

ವೈನಿದು ಪೂರ್ತಿ ಸುಳ್ಳೂ ಅಲ್ಲ. ಅಲರ್ಜಿ ಬರೂ ಸಂಭವ ಹೆಚ್ಚಿದ್ದ ಕೂಸುಗಳಿಗೆ ಒಂದು ವರ್ಷದ ಒಳಗ ಶೇಂಗಾ ತಿನಿಸಿದ್ರ ಅಲರ್ಜಿ ಭಾಳ ಕಡಿಮಿ ಆಗತದ ಅಂತ 2015ರಾಗ ಲಂಡನ್ನಿನವರು ತೋರಿಸ್ಯಾರ. ಆದ್ರ ಅವರು ಮೊದಲ ಚರ್ಮದ ಪರೀಕ್ಷಾ ಮಾಡಿದ್ರು, ಆಗಲೇ ಜೋರು ಅಲರ್ಜಿ ಕಂಡ ಕೂಸುಗಳನ್ನ ಸೇರಿಸಿಕೊಳ್ಳಲಿಲ್ಲ. ಒಮ್ಮೆ ತುಟಿ ಬಾತ ಹುಡುಗಗ ರೂಢಿ ಮಾಡಸೂದು ತಜ್ಞ ಡಾಕ್ಟರ ಕೆಲಸ, ಅಡಗಿಮನೀದಲ್ಲ. ಅಲರ್ಜಿ ಗುಳಿಗಿ ಮನ್ಯಾಗ ಅದ ಅಂತ ಧೈರ್ಯಾನೂ ಬ್ಯಾಡ. ಗುಳಿಗಿ ತುರಿಕಿಗೆ ಸರಿ, ಉಸಿರು ಕಟ್ಟಿದ್ರ ಅಡ್ರಿನಾಲಿನ್ ಇಂಜೆಕ್ಷನ್ನೇ ಬೇಕು.

ನನಗ ಸಿಟ್ಟು ಬರೂದು ಕದ್ದು ತಿನಸೋರ ಮ್ಯಾಲ. “ಪಾಪ, ಹುಡುಗ ಆಸೆಪಡತಾನ” ಅಂತ ಮದುವಿ ಮನ್ಯಾಗ ಹೋಳಗಿ ಚೂರು ಬಾಯಾಗ ಇಡಾಕ ಬಂದವರ ಕೈ ನಾನ ಹಿಡದೀನಿ. ಅದು ಅಕ್ಕರೆ ಅಲ್ಲ ಬಿಡ್ರಿ.

ಈ ವರ್ಷ ರವಾ ಉಂಡಿ ಮಾಡೀನಿ. ಶೇಂಗಾ ರುಬ್ಬೂ ಜಾರಿಗೆ ಕೆಂಪು ದಾರ ಕಟ್ಟಿ ಬ್ಯಾರೆ ಇಟ್ಟೀನಿ. ವೈನಿ ನೋಡಿ ನಗತಾರ. ನಗಲಿ.