ಪ್ರಯೋಗಶಾಲೆಯ ಉಪಕರಣವೂ ಗ್ರಾಹಕನ ಸಂತೃಪ್ತಿಯೂ

ಕ್ರಿಯೆಯು ಸಿದ್ಧಿಸುವುದಕ್ಕೆ ಯಾವುದು ಎಲ್ಲಕ್ಕಿಂತ ಹೆಚ್ಚಾಗಿ ಸಾಧಕವಾಗುವುದೋ ಅದನ್ನೇ ಪಾಣಿನಿಯು ಕರಣವೆಂದು ಕರೆದನು. ಯಥಾರ್ಥ ಜ್ಞಾನಕ್ಕೆ ಕರಣವಾದುದೇ ಪ್ರಮಾಣವೆಂಬುದು ನೈಯಾಯಿಕರ ಮತ. ಪ್ರಯೋಗಶಾಲೆಯ ತಕ್ಕಡಿ, ಉಷ್ಣಮಾಪಕ, ಸೂಕ್ಷ್ಮದರ್ಶಕಗಳು ಈ ಎರಡೂ ಅರ್ಥಗಳಲ್ಲಿ ಕರಣಗಳೇ ಆಗಿವೆ. ಕಾಮಾಲೆಯ ಕಣ್ಣಿಗೆ ಬಿಳಿಯ ಶಂಖವೂ ಹಳದಿಯಾಗಿ ತೋರುವಂತೆ, ಕರಣವು ದೋಷಯುಕ್ತವಾದರೆ ಜ್ಞಾನವೂ ದೂಷಿತವಾಗುವುದು. ಆದುದರಿಂದ ಉಪಕರಣದ ವ್ಯಾಪಾರವನ್ನು ಬೆಲ್ಲದ ವ್ಯಾಪಾರದೊಡನೆ ಸಮನಾಗಿ ಎಣಿಸಲಾಗದು. ಬೆಲ್ಲ ಕೆಟ್ಟಿದ್ದರೆ ನಾಲಗೆ ಹೇಳುತ್ತದೆ. ಅಳತೆಗೋಲೇ ತಪ್ಪಿದ್ದರೆ ಹೇಳುವವರಾರು?

ಈ ಹೊಣೆಯನ್ನು ಅರಿತು ನಡೆದವರಲ್ಲಿ ಜರ್ಮನಿಯ ಕಾರ್ಲ್ ಝೈಸ್ ಪ್ರಮುಖನು. 1846ರಲ್ಲಿ ಯೇನಾ ನಗರದಲ್ಲಿ ಕಾರ್ಯಾಗಾರವನ್ನು ತೆರೆದ ಈತನು, ತನ್ನ ಮಟ್ಟಕ್ಕೆ ಬಾರದ ಸೂಕ್ಷ್ಮದರ್ಶಕಗಳನ್ನು ಮಾರಾಟಕ್ಕೆ ಬಿಡದೆ ಸುತ್ತಿಗೆಯಿಂದ ಒಡೆದುಹಾಕುತ್ತಿದ್ದನೆಂದು ಪ್ರತೀತಿಯಿದೆ. ಆ ಕಾಲದಲ್ಲಿ ಮಸೂರಗಳನ್ನು ಉಜ್ಜಿ, ನೋಡಿ, ಮತ್ತೆ ಉಜ್ಜಿ ಸರಿಪಡಿಸುವುದೇ ಪದ್ಧತಿ. ಅದು ಸಾಲದೆಂದು ಬಗೆದ ಝೈಸ್ 1866ರಲ್ಲಿ ಭೌತವಿಜ್ಞಾನಿ ಅರ್ನ್ಸ್ಟ್ ಅಬ್ಬೆಯನ್ನು ಜೊತೆಗೂಡಿಸಿಕೊಂಡನು. ಅನಂತರ ಮಸೂರಗಳು ಗಣಿತದ ಲೆಕ್ಕಾಚಾರದಿಂದ ರೂಪುಗೊಂಡವು. ತಕ್ಕ ಗಾಜು ದೊರೆಯದಿದ್ದಾಗ, ಒಟ್ಟೋ ಶೊಟ್ಟನೊಡನೆ ಸೇರಿ 1884ರಲ್ಲಿ ಗಾಜಿನ ಕಾರ್ಖಾನೆಯೇ ಸ್ಥಾಪಿತವಾಯಿತು.

ಇಲ್ಲಿ ಗ್ರಾಹಕನ ಪಾಲನ್ನೂ ಮರೆಯಬಾರದು. ಮಸೂರಕ್ಕೂ ನೋಡುವ ವಸ್ತುವಿಗೂ ನಡುವೆ ಎಣ್ಣೆಯ ಹನಿಯನ್ನಿರಿಸಿ ನೋಡುವ ಮಸೂರವನ್ನು ಅಬ್ಬೆ 1878ರಲ್ಲಿ ಸಿದ್ಧಪಡಿಸಿದುದಕ್ಕೆ, ಇಂಗ್ಲೆಂಡಿನ ಸೂಕ್ಷ್ಮದರ್ಶಕಾಸಕ್ತ ಸ್ಟೀಫನ್‌ಸನ್ನನ ಸೂಚನೆಯೇ ಪ್ರೇರಣೆಯಾಯಿತು. ಅಂತಹ ಮಸೂರಗಳ ನೆರವಿನಿಂದ ಸೂಕ್ಷ್ಮಾಣುಗಳನ್ನು ಅಭ್ಯಸಿಸಿದ ರಾಬರ್ಟ್ ಕಾಖ್ 1882ರಲ್ಲಿ ಕ್ಷಯರೋಗದ ಕಾರಣವನ್ನು ಲೋಕಕ್ಕೆ ತಿಳಿಸಿದನು. ತಯಾರಕನು ಕಿವಿಗೊಟ್ಟನು, ಬಳಸುವವನು ಬಾಯಿಬಿಟ್ಟನು, ಲೋಕವು ಉಪಕೃತವಾಯಿತು. ಸಂತೃಪ್ತಿಯೆಂದರೆ ಮೌನವಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಇನ್ನು ನಮ್ಮ ಶಾಲೆಗಳ ಕಡೆಗೆ ನೋಡೋಣ. ಹರಿಯಾಣದ ಅಂಬಾಲಾ ನಗರವು ಶಾಲಾ ಕಾಲೇಜುಗಳ ಉಪಕರಣ ತಯಾರಿಕೆಗೆ ದೇಶದಲ್ಲೆಲ್ಲ ಹೆಸರಾಗಿದೆ. ಅಲ್ಲಿಯೂ ಅನ್ಯತ್ರವೂ ಒಳ್ಳೆಯ ಕುಶಲಕರ್ಮಿಗಳಿಗೆ ಕೊರತೆಯಿಲ್ಲ. ಆದರೆ ಹಲವು ವಿದ್ಯಾಸಂಸ್ಥೆಗಳು ದರಪಟ್ಟಿಗಳನ್ನು ತರಿಸಿ, ಕನಿಷ್ಠ ದರದ ಮುಂದೆ ಗುರುತು ಹಾಕಿ, ಕರ್ತವ್ಯ ಮುಗಿಯಿತೆಂದು ಭಾವಿಸುತ್ತವೆ. ಹೀಗೆ ಬೆಲೆಯನ್ನಷ್ಟೇ ಕೇಳುವ ಗ್ರಾಹಕನಿಗೆ ಗುಣವನ್ನು ಏಕೆ ಕೊಡಬೇಕೆಂದು ತಯಾರಕನು ಯೋಚಿಸಿದರೆ, ತಪ್ಪು ಅವನೊಬ್ಬನದೇ ಅಲ್ಲ.

ಇದರ ಫಲವನ್ನು ಉಣ್ಣುವವನು ಬಾಲಕ. ಲೋಲಕದ ಪ್ರಯೋಗದಲ್ಲಿ ಗಡಿಯಾರವು ಒಮ್ಮೆ ತಡವರಿಸಿ ಒಮ್ಮೆ ಓಡಿ, ಗುರುತ್ವವೇಗೋತ್ಕರ್ಷವು 9.8ರ ಬದಲು 9.1 ಎಂದು ಬಂದರೆ ಅವನು ಏನು ಮಾಡಬೇಕು? ಪುಸ್ತಕದ ಉತ್ತರಕ್ಕೆ ಹೊಂದುವಂತೆ ಅಂಕಿಗಳನ್ನು ತಿದ್ದಿ ಬರೆಯುತ್ತಾನೆ; ಅಂಕಗಳೂ ದೊರೆಯುತ್ತವೆ. ಸತ್ಯವನ್ನು ಕಾಣಲೆಂದು ಕಟ್ಟಿದ ಕೊಠಡಿಯಲ್ಲಿ ಸುಳ್ಳಿನ ಪ್ರಥಮ ಪಾಠವಾಗುತ್ತದೆ. ಇದು ಕೇವಲ ಉಪಕರಣದ ನಷ್ಟವಲ್ಲ, ಶೀಲದ ನಷ್ಟ.

ಉಪಕರಣವು ನಿರ್ದೋಷವಾಗಿರಲೇಬೇಕೆಂದು ಯಾರೂ ಹಟ ಹಿಡಿಯುವುದಿಲ್ಲ. ವರ್ನಿಯರ್ ಮಾಪಕಕ್ಕೆ ಶೂನ್ಯದೋಷವಿದ್ದರೆ ಅದನ್ನು ಕಳೆದೋ ಕೂಡಿಸಿಯೋ ಲೆಕ್ಕ ಮಾಡಬಹುದು. ಏಕೆಂದರೆ ಆ ದೋಷವು ಸ್ಥಿರವಾದುದು, ತಿಳಿದಿರುವುದು. ಗೀರುಗಳೇ ಅಂಕುಡೊಂಕಾಗಿದ್ದರೆ ಯಾವ ಲೆಕ್ಕವೂ ರಕ್ಷಿಸದು. ತಯಾರಕನಿಂದ ಅಪೇಕ್ಷಿಸಬೇಕಾದುದು ಇದೇ: ದೋಷವಿದ್ದರೆ ಅದು ಇಷ್ಟೆಂದು ಹೇಳುವ ಪ್ರಾಮಾಣಿಕತೆ.

1986ರ ಗ್ರಾಹಕ ಸಂರಕ್ಷಣಾ ಕಾಯಿದೆಯೂ ಅದರ ಸ್ಥಾನದಲ್ಲಿ ಬಂದ 2019ರ ಕಾಯಿದೆಯೂ, ಹಣ ಕೊಟ್ಟು ಕೊಂಡವನನ್ನು ಮಾತ್ರವಲ್ಲದೆ, ಅವನ ಒಪ್ಪಿಗೆಯಿಂದ ವಸ್ತುವನ್ನು ಬಳಸುವವನನ್ನೂ ಗ್ರಾಹಕನೆಂದು ಎಣಿಸಿವೆ. ಗ್ರಹಿಸುವವನೇ ಗ್ರಾಹಕನೆಂಬ ಶಬ್ದಾರ್ಥವೂ ಇದಕ್ಕೆ ಒಪ್ಪುತ್ತದೆ. ಹಾಗಾದರೆ ಶಾಲೆಯ ಉಪಕರಣಕ್ಕೆ ನಿಜವಾದ ಗ್ರಾಹಕನು ವಿದ್ಯಾರ್ಥಿಯೇ. ಅವನ ತೃಪ್ತಿಯನ್ನು ಕೇಳಿ ತಿಳಿಯುವವರು ವಿರಳ.

ಹಗ್ಗ ಹೊಸೆದ ನುಲಿಯ ಚಂದಯ್ಯನಿಗೂ ಬುಟ್ಟಿ ಹೆಣೆದ ಮೇದಾರ ಕೇತಯ್ಯನಿಗೂ ಶರಣರ ಅನುಭವ ಮಂಟಪದಲ್ಲಿ ಪೂಜ್ಯಸ್ಥಾನ ದೊರೆತುದು ಕಾಯಕದ ಶುದ್ಧಿಯಿಂದ. ಮಸೂರ ಉಜ್ಜುವುದೂ ಗೀರು ಕೊರೆಯುವುದೂ ಅಂತಹ ಕಾಯಕಗಳೇ. ಅದನ್ನು ಗೌರವಿಸುವ ಸಂಸ್ಥೆಗಳು ನ್ಯಾಯವಾದ ಬೆಲೆಯನ್ನು ಕೊಡಲಿ. ಅಧ್ಯಾಪಕರು ಬಳಸಿ ಪರೀಕ್ಷಿಸಿ ಒಪ್ಪಿದ ಮೇಲೆಯೇ ಹಣ ಸಲ್ಲಿಸಲಿ. ದೋಷವಿದ್ದುದನ್ನು ಕಪಾಟಿನಲ್ಲಿ ಮುಚ್ಚಿಡದೆ ಕಾರಣ ಬರೆದು ಹಿಂದಿರುಗಿಸಲಿ. ದಾನಿಗಳಾದರೋ, ತಮ್ಮ ಹೆಸರಿನ ಕಪಾಟಿನಲ್ಲಿ ನೂರು ವಸ್ತುಗಳಿವೆಯೇ ಎಂದು ಎಣಿಸುವುದಕ್ಕಿಂತ, ಅಲ್ಲಿರುವ ಹತ್ತು ನಿಜವನ್ನೇ ನುಡಿಯುತ್ತವೆಯೇ ಎಂದು ವಿಚಾರಿಸಲಿ. ನಿಜವನ್ನು ನುಡಿಯುವ ಒಂದು ತಕ್ಕಡಿಯ ದಾಸೋಹವು, ಸುಳ್ಳಾಡುವ ಹತ್ತು ತಕ್ಕಡಿಗಳ ದಾನಕ್ಕಿಂತ ಹಿರಿದು.